ಒಬ್ಬರಿಗೂ ಮರೆವಿಲ್ಲದ ಬೀದಿ

"ಮೇಲಿನ ಬೀದಿಗೆ ಆರು! ಕೆಳಗಿನ ಬೀದಿಗೆ ಸೊನ್ನೆ!"

ಕ್ಷೌರದಂಗಡಿಯವನು ಗಿರಾಕಿಯ ಕುರ್ಚಿಯನ್ನೇ ಬಾಗಿಲಿಗೆಳೆದು, ಅದರ ಮೇಲೆ ಹತ್ತಿ ನಿಂತು ಕೂಗಿದ. ಅರ್ಧ ಗಡ್ಡ ಬೋಳಿಸಿಕೊಂಡಿದ್ದ ಗಿರಾಕಿ ಕುರ್ಚಿ ಕಳೆದುಕೊಂಡರೂ ಬೇಸರಪಡಲಿಲ್ಲ. ಮುಖದ ತುಂಬ ನೊರೆ ಹೊತ್ತು ತಾನೂ ಹೊರಗೆ ಬಂದು ಚಪ್ಪಾಳೆ ತಟ್ಟಿದ. ಕೆಳಗಿನ ಬೀದಿಯಲ್ಲಿ ಅವತ್ತು ಗೆದ್ದವರ ಸಡಗರ.

ಆದರೆ ಅದು ಆಟದ ಅಂಕವಲ್ಲ. ನಮ್ಮ ನರ್ಸಕ್ಕ ಎರಡೂ ಬೀದಿಗಳ ಮನೆ ಮನೆಗೆ ಹೋಗಿ, ಅರವತ್ತು ದಾಟಿದವರ ನೆನಪಿನ ಶಕ್ತಿಯನ್ನು ಪರೀಕ್ಷೆ ಮಾಡಿದ್ದಳು. ಡಿಮೆನ್ಷಿಯಾ ಅಂತಾರಲ್ಲ, ಆ ಮರೆವಿನ ಕಾಯಿಲೆಯ ಲಕ್ಷಣ ಯಾರಿಗಾದರೂ ಇದೆಯೇ ಎಂದು ನೋಡುವ ಪರೀಕ್ಷೆ. ಯಾರ ಹೆಸರನ್ನೂ ಹೇಳದೆ, ಯಾವ ಬೀದಿಯಲ್ಲಿ ಎಷ್ಟು ಎಂಬ ಸಂಖ್ಯೆಯನ್ನು ಮಾತ್ರ ತಿಳಿಸಿದ್ದಳು. ಅಷ್ಟಕ್ಕೇ ಈ ಕುಣಿದಾಟ.

ನಾನು ಮೇಲಿನ ಬೀದಿಯವಳು, ಬ್ರೆಡ್ ಅಂಗಡಿಯವಳು. ಈ ಕಥೆಯಲ್ಲಿ ಅಲ್ಲಲ್ಲಿ ಹೊಟ್ಟೆಯುರಿಯ ವಾಸನೆ ಬಂದರೆ ನೀವೇ ಹೊಂದಿಸಿಕೊಳ್ಳಿ. ಯಾಕೆಂದರೆ ಆ ಆರು ಜನರಲ್ಲಿ ಒಬ್ಬರು ನಮ್ಮ ಮಾವ. ಇದನ್ನು ನಾನು ಬಯಲು ಮಾಡುತ್ತಿಲ್ಲ, ಅವರೇ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಾರೆ. ಬಸ್ಸು ಓಡಿಸಿ ನಿವೃತ್ತರಾದವರು. "ಬಸ್ಸು ಚೆನ್ನಾಗಿದೆ ಕಣಪ್ಪಾ, ನಡುನಡುವೆ ಒಂದೆರಡು ಸ್ಟಾಪು ಬಿಟ್ಟುಹೋಗತ್ತೆ ಅಷ್ಟೇ" ಎಂದು ನಗುತ್ತಾರೆ.

ಕ್ಷೌರದಂಗಡಿಯವನ ಮಾತು ಮಾತ್ರ ಮುಗಿಯಲೇ ಇಲ್ಲ.

"ನಮ್ ಕಡೆ ಗಾಳಿನೇ ಬೇರೆ. ಮೇಲಿನ ಬೀದಿಯವರಿಗೆ ಏರು ಹತ್ತಿ ಹತ್ತಿ ತಲೆಗೆ ರಕ್ತ ಹೋಗಲ್ಲ. ಎರಡು ಬೀದಿ ನಡುವಿನ ವಾಲಿಬಾಲ್ ಪಂದ್ಯಕ್ಕೆ ಮುಂಚೆನೇ ನಾವು ಒಂದು ಗೆದ್ವಿ! ಬ್ಯಾನರ್ ಹಾಕ್ಸೋಣ, ದೊಡ್ಡ ಬಟ್ಟೆ ಬ್ಯಾನರ್ರು!"

ನರ್ಸಕ್ಕ ಅಲ್ಲೇ ನಿಂತಿದ್ದಳು. "ಅಣ್ಣಾ, ಸೊನ್ನೆ ಅಂದ್ರೆ ನನಗೆ ಖುಷಿಯಾಗಲ್ಲ, ಗಾಬರಿಯಾಗತ್ತೆ" ಎಂದಳು. ಆ ಗಲಾಟೆಯಲ್ಲಿ ಅವಳ ಮಾತು ಕೇಳಿದ್ದು ನನಗೊಬ್ಬಳಿಗೇ.

ಬ್ಯಾನರಿನ ಕೆಲಸವೂ, ಪಂದ್ಯಕ್ಕೆ ತಂಡದವರ ಅಂಗಿಗಳ ಕೆಲಸವೂ ಹೋದದ್ದು ಕತ್ತರಿ ಅಜ್ಜಿಯ ಮನೆಗೆ. ಕೆಳಗಿನ ಬೀದಿಯ ತುದಿಯಲ್ಲಿ ಅವರ ಹೊಲಿಗೆ ಅಂಗಡಿ. ಅಲ್ಲಿ ಎಲ್ಲರಿಗೂ ಒಂದೊಂದು ಕೆಲಸ. ಅಜ್ಜಿ ಬಟ್ಟೆ ಕತ್ತರಿಸುತ್ತಾಳೆ, ಮಗ ಮೆಷಿನ್ ತುಳಿಯುತ್ತಾನೆ, ಸೊಸೆ ಗುಂಡಿ ಹಚ್ಚಿ ಕಾಜ ಹೊಲಿಯುತ್ತಾಳೆ, ಅಜ್ಜಿಯ ಗಂಡ ಇಸ್ತ್ರಿ ಹಾಕುತ್ತಾನೆ. ಅವನನ್ನು ಊರೆಲ್ಲ ಇಸ್ತ್ರಿ ತಾತ ಎನ್ನುತ್ತದೆ. ಅಜ್ಜಿಗೆ ಎಪ್ಪತ್ತೈದರ ಮೇಲೆ ವಯಸ್ಸು. ಎರಡೂ ಬೀದಿಗಳಲ್ಲಿ ಅವಳು ಕತ್ತರಿಸಿದ ಬಟ್ಟೆ ತೊಡದೆ ಬೆಳೆದವರು ಯಾರೂ ಇಲ್ಲ.

ಮಾರನೆಯ ದಿನ ಬ್ರೆಡ್ ಕೊಡಲು ನಾನು ಅಂಗಡಿಗೆ ಹೋದೆ. ನರ್ಸಕ್ಕ ಆಗಲೇ ಅಲ್ಲಿದ್ದಳು. ಅಜ್ಜಿ ಕತ್ತರಿಸುವ ಮೇಜಿನ ಮುಂದೆ ನಿಂತು, ಮಿರಿಮಿರಿ ಮಿಂಚುವ ನೀಲಿ ಬಟ್ಟೆಯನ್ನು ಕೈಯಿಂದ ಸವರಿ ಸವರಿ ಸಮ ಮಾಡುತ್ತಿದ್ದಳು. ಮಗ ಮೆಷಿನ್ನಿನಿಂದ ತಲೆ ಎತ್ತದೆ ವಾದ ಮಾಡುತ್ತಿದ್ದ. ವಾಲಿಬಾಲ್ ತಂಡದ ನಾಯಕ ಅವನೇ.

"ಮತ್ತೆ ಪರೀಕ್ಷೆನಾ? ನಮ್ಮಮ್ಮಂಗಾ? ಕಣ್ಣಿಗೆ ಬಟ್ಟೆ ಕಟ್ಟಿದ್ರೂ ಕಾಲರ್ ಕತ್ತರಿಸ್ತಾಳೆ ನಮ್ಮಮ್ಮ. ಆವತ್ತು ನೀವು ಕೇಳಿದ್ದಕ್ಕೆಲ್ಲ ಉತ್ತರ ಹೇಳಿದ್ವಲ್ಲ."

"ಹೇಳಿದ್ವಿ ಅಂದ್ರೆ ಯಾರು ಹೇಳಿದ್ದು?" ಎಂದಳು ನರ್ಸಕ್ಕ.

"ನಾವೇ."

"ಅದೇ ನೋಡಪ್ಪ ಎಡವಟ್ಟಾಗಿದ್ದು. ಇವತ್ತು ಯಾವ ವಾರ ಅಂತ ನಾನು ಅಜ್ಜಿಗೆ ಕೇಳ್ದೆ, ನೀನು ಹೇಳ್ದೆ. ಹೋದ ವಾರ ಮನೆಗೆ ಯಾರು ಬಂದಿದ್ರು ಅಂತ ಅಜ್ಜಿಗೆ ಕೇಳ್ದೆ, ತಾತ ಹೇಳಿದ್ರು. ನಿಮ್ಮನೇಲಿ ಮಾತ್ರ ಅಲ್ಲ. ಈ ಬೀದಿಯುದ್ದಕ್ಕೂ ಗಂಡಸರನ್ನ ಕೇಳಿದ್ರೆ ಗಂಡಸರೇ ಹೇಳಿದ್ರು, ಹೆಂಗಸರನ್ನ ಕೇಳಿದ್ರೂ ಗಂಡಸರೇ ಹೇಳಿದ್ರು! ಒಂದೊಂದು ಮನೇಲಿ ಆದಾಗ ನನಗೂ ಹೊಳೀಲಿಲ್ಲ. ಎಲ್ಲ ಕೂಡಿಸಿದಾಗ ಸೊನ್ನೆ ಬಂತಲ್ಲ, ಆಗ ಹೊಳೀತು."

ನನಗೆ ನಗು ತಡೆಯಲಾಗಲಿಲ್ಲ. ಅಜ್ಜಿಯೂ ಬಾಯಿಗೆ ಸೆರಗು ಅಡ್ಡ ಹಿಡಿದಳು. ಮಗನ ಮುಖ ಮಾತ್ರ ಸಡಿಲವಾಗಲಿಲ್ಲ.

"ಅರವತ್ತಕ್ಕೆ ಅರಳು ಮರಳು ಅಂತ ಗಾದೆನೇ ಇದೆ. ವಯಸ್ಸಾದ್ಮೇಲೆ ಎಲ್ಲರೂ ಮರೀತಾರೆ. ಅದಕ್ಕೆ ಪರೀಕ್ಷೆ ಬೇರೆ ಕೇಡು" ಎಂದ.

"ಗಾದೆಗೆ ಕೈ ಮುಗೀತೀನಿ, ಆದ್ರೆ ಲೆಕ್ಕ ಬೇರೆ ಹೇಳತ್ತೆ" ಎಂದು ನರ್ಸಕ್ಕ ಸ್ಟೂಲ್ ಎಳೆದು ಕೂತಳು. ಲೆಕ್ಕದ ಮಾತು ಬಂದರೆ ಅವಳಿಗೆ ಎಲ್ಲಿಲ್ಲದ ಹುರುಪು. ಕಣ್ಣು ಅರಳುತ್ತದೆ, ಎರಡೂ ಕೈ ಆಡುತ್ತವೆ. "ಅರವತ್ತೈದು ದಾಟಿದ್ಮೇಲೆ ಸುಮಾರು ಐದೈದು ವರ್ಷಕ್ಕೊಂದು ಸಲ ಈ ಕಾಯಿಲೆ ಬರೋ ಸಂಭವ ಇಮ್ಮಡಿ ಆಗ್ತಾ ಹೋಗತ್ತೆ. ನಿಜ. ವಯಸ್ಸೇ ದೊಡ್ಡ ಕಾರಣ. ಆದ್ರೆ ಎಂಬತ್ತು ದಾಟಿದವರಲ್ಲೂ ಹೆಚ್ಚಿನವರಿಗೆ ಇದು ಬರೋದೇ ಇಲ್ಲ! ಅಂದ್ಮೇಲೆ ಇದು ಬರೀ ವಯಸ್ಸಲ್ಲ, ಕಾಯಿಲೆ. ಕಾಯಿಲೆ ಅಂದ್ಮೇಲೆ ನೋಡ್ಬೇಕು ತಾನೇ?"

"ಸರಿ, ಅಪ್ಪನ್ನ ನೋಡಿ. ಅವ್ರೇ ದೊಡ್ಡವರು" ಎಂದ ಮಗ.

"ಅವರನ್ನೂ ನೋಡ್ತೀನಿ. ಆದ್ರೆ ಕೇಳು, ಗಂಡಸರಿಗಿಂತ ಹೆಂಗಸರಲ್ಲಿ ಇದು ಹೆಚ್ಚು."

ಮೂಲೆಯಲ್ಲಿ ಕಾಜ ಹೊಲಿಯುತ್ತಿದ್ದ ಸೊಸೆ ಸೂಜಿ ನಿಲ್ಲಿಸಿದಳು. "ಯಾಕಕ್ಕಾ? ಅದರಲ್ಲೂ ನಮಗೇ ಹೆಚ್ಚು ಪಾಲಾ?"

"ಒಂದು, ಹೆಂಗಸರು ಹೆಚ್ಚು ವರ್ಷ ಬದುಕ್ತಾರೆ. ಹೆಚ್ಚು ಬದುಕಿದಷ್ಟೂ ಆ ವಯಸ್ಸಿಗೆ ಮುಟ್ಟೋರು ಹೆಚ್ಚು. ಆದ್ರೆ ಅಷ್ಟೇ ಅಲ್ಲ. ಕೆಲವು ಕಡೆ ಒಂದೇ ವಯಸ್ಸಿನ ಗಂಡಸು ಹೆಂಗಸರನ್ನ ಹೋಲಿಸಿ ನೋಡಿದ್ರೂ ಹೆಂಗಸರೇ ಜಾಸ್ತಿ. ಅಜ್ಜಿ ಕಾಲದಲ್ಲಿ ಹೆಣ್ಣುಮಕ್ಕಳನ್ನ ಶಾಲೆಗೆ ಕಳಿಸ್ತಿದ್ದದ್ದು ಕಡಿಮೆ. ಚಿಕ್ಕಂದಿನಲ್ಲಿ ಓದಿದ್ದು ಕಲಿತಿದ್ದು ಮೆದುಳಿಗೆ ಕೂಡಿಟ್ಟ ದವಸ ಇದ್ದಂಗೆ, ಕಷ್ಟಕಾಲಕ್ಕೆ ಬರತ್ತೆ. ಅದನ್ನ ಅವರಿಗೆ ಕೊಡ್ಲೇ ಇಲ್ಲ. ಇನ್ನೂ ಬೇರೆ ಕಾರಣ ಇರಬಹುದು, ತಿಳಿದವರು ಹುಡುಕ್ತಾ ಇದಾರೆ."

ಅಜ್ಜಿ ಬಟ್ಟೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆಯುತ್ತ, "ನಮ್ಮಪ್ಪ ನನಗೆ ಸ್ಲೇಟ್ ಕೊಡಿಸು ಅಂದ್ರೆ ಕತ್ತರಿ ಕೊಡಿಸ್ದ" ಎಂದಳು. ಆ ಮಾತಿನಲ್ಲಿ ಜಂಬವೂ ಇತ್ತು, ನೋವೂ ಇತ್ತು.

"ಹಾಗಾದ್ರೆ ಮೇಲಿನ ಬೀದಿ ಕೆಳಗಿನ ಬೀದಿ ಅಂತ ವ್ಯತ್ಯಾಸ ಯಾಕೆ?" ಮಗ ಪಟ್ಟು ಬಿಡಲಿಲ್ಲ. "ಗಾಳಿ ನೀರು ಕಾರಣ ಅಲ್ವಾ?"

"ಜಾಗದಿಂದ ಜಾಗಕ್ಕೆ ವ್ಯತ್ಯಾಸ ಇದ್ದೇ ಇದೆ. ಒಂದೇ ದೇಶದಲ್ಲಿ ಒಂದು ಸೀಮೆಗಿಂತ ಇನ್ನೊಂದು ಸೀಮೇಲಿ ಇಮ್ಮಡಿ ಇರೋದೂ ಉಂಟು. ಎಲ್ಲಿ ವಯಸ್ಸಾದವರು ಹೆಚ್ಚೋ ಅಲ್ಲಿ ಹೆಚ್ಚು. ಎಲ್ಲಿ ಶಾಲೆ ಕಡಿಮೆ ಇತ್ತೋ ಅಲ್ಲಿ ಹೆಚ್ಚು. ಎಲ್ಲಿ ಬಿಪಿ, ಸಕ್ಕರೆ ಕಾಯಿಲೆಗೆ ಮದ್ದು ಮಾಡಿಸ್ಕೊಳ್ಳಲ್ವೋ, ಕಿವಿ ಕೇಳದಿದ್ರೂ ಸುಮ್ನಿರ್ತಾರೋ, ಹೊಗೆ ಸೇದ್ತಾರೋ ಅಲ್ಲಿ ಹೆಚ್ಚು. ಇದೆಲ್ಲ ಸರಿ. ಆದ್ರೆ ಒಂದೇ ನಲ್ಲಿ ನೀರು ಕುಡಿಯೋ ಎರಡು ಬೀದಿ ನಡುವೆ ಒಂದು ಕಡೆ ಆರು, ಇನ್ನೊಂದು ಕಡೆ ಸೊನ್ನೆ ಅನ್ನೋ ವ್ಯತ್ಯಾಸ? ಅದು ಗಾಳಿ ಅಲ್ಲಪ್ಪಾ. ಮೇಲಿನ ಬೀದಿಯವರು ಬಾಗಿಲು ತೆಗೆದು ತೋರಿಸಿದ್ರು, ನೀವು ಬಾಗಿಲಲ್ಲೇ ನಿಂತು ಉತ್ತರ ಹೇಳಿ ಕಳಿಸಿದ್ರಿ."

ನನ್ನ ಎದೆ ಒಂದಿಂಚು ಉಬ್ಬಿತೆಂದು ಬೇರೆ ಹೇಳಬೇಕಿಲ್ಲ.

ಆಗ ಅಜ್ಜಿ ಕತ್ತರಿಯನ್ನು ಮೇಜಿನ ಮೇಲೆ ಇಟ್ಟಳು. ಅದರ ಹಿಡಿಗೆ ಸುತ್ತಿದ ಬಟ್ಟೆ ಅವಳ ಬೆರಳಿನ ಆಕಾರಕ್ಕೇ ತಗ್ಗಾಗಿತ್ತು. "ಅಮ್ಮಾ ತಾಯಿ, ನೀನು ಪರೀಕ್ಷೆ ಮಾಡ್ತೀಯ. ಏನೋ ಒಂದು ಇದೆ ಅಂತೀಯ. ಆಮೇಲೆ ಇವರೆಲ್ಲ ಸೇರಿ ನನ್ನ ಕೈಯಿಂದ ಕತ್ತರಿ ಕಿತ್ಕೊಳ್ತಾರೆ. ಕತ್ತರಿ ಇಲ್ದಿದ್ರೆ ನಾನು ಯಾರು ಹೇಳು?" ಎಂದಳು.

ಸೊಸೆ ಏನೋ ಹೇಳಲು ಬಾಯಿ ತೆರೆದು, ಅತ್ತೆಯ ಕೈ ನೋಡಿ, ಮತ್ತೆ ಸೂಜಿಗೆ ನೂಲು ಪೋಣಿಸತೊಡಗಿದಳು. ಇಸ್ತ್ರಿ ತಾತ ಆಗಲೇ ಇಸ್ತ್ರಿಯಾಗಿದ್ದ ಅಂಗಿಗೆ ಇನ್ನೊಂದು ಸಲ ಇಸ್ತ್ರಿ ಹಾಕಿದ. ಅದೇ ಸಂಜೆ ಸೊಸೆ ತಂಗಿಯ ಬಾಣಂತನಕ್ಕೆಂದು ತವರಿಗೆ ಹೋದಳು.

ಪಂದ್ಯದ ದಿನ ಬಂತು. ಅಬ್ಬಾ, ಏನು ಜನ! ಮೈದಾನದ ಒಂದು ಕಡೆ ನಾವು, ಇನ್ನೊಂದು ಕಡೆ ಅವರು. ಅವರ ತಲೆಯ ಮೇಲೆ ಎರಡು ಕಂಬಗಳ ನಡುವೆ ಬಿಳಿ ಬ್ಯಾನರ್. "ಒಬ್ಬರಿಗೂ ಮರೆವಿಲ್ಲದ ಬೀದಿ" ಎಂದು ಅಂಗೈಯಗಲದ ನೀಲಿ ಅಕ್ಷರ. ನಮ್ಮ ಮಾವ ಅದನ್ನು ಓದಿ, "ಕೂಸು ಹುಟ್ಟೋಕೆ ಮುಂಚೆ ಕುಲಾವಿ" ಎಂದರು. ಗಾದೆಗಳು ಮಾತ್ರ ಅವರಿಗೆ ಒಂದೂ ಮರೆತಿಲ್ಲ.

ಕೆಳಗಿನ ಬೀದಿಯ ಹುಡುಗರು ಹೊಸ ನೀಲಿ ಅಂಗಿ ತೊಟ್ಟು ಮೈದಾನಕ್ಕೆ ಇಳಿದರು. ಹಿಂದಿನ ಸಂಜೆಯಷ್ಟೇ ಹೊಲಿದು ಮುಗಿದ ಅಂಗಿಗಳು, ಯಾರೂ ತೊಟ್ಟು ನೋಡಿರಲಿಲ್ಲ. ಬಿಸಿಲಿಗೆ ಎಲ್ಲರೂ ಮಿಂಚುತ್ತಿದ್ದರು. ಮುಂದಿನ ಸಾಲಿನ ಬೆಂಚಿನ ಮೇಲೆ ಕತ್ತರಿ ಅಜ್ಜಿ, ಅವಳ ಪಕ್ಕದಲ್ಲಿ ತಾತ. ಪಂದ್ಯ ನೋಡಲೆಂದೇ ಸೊಸೆ ತವರಿನಿಂದ ಮೊದಲ ಬಸ್ಸಿಗೆ ಓಡಿ ಬಂದಿದ್ದಳು.

ಸೀಟಿ ಊದಿದರು. ನಾಯಕ ಚೆಂಡನ್ನು ಮೇಲೆ ಚಿಮ್ಮಿ, ಬಲಗೈ ಎತ್ತಿ ಬೀಸಿದ. ಕೈ ಕಿವಿಯವರೆಗೆ ಹೋಗಿ ಅಲ್ಲೇ ಸಿಕ್ಕಿಕೊಂಡಿತು. ಚೆಂಡು ಅವನ ತಲೆಯ ಮೇಲೆಯೇ ಬಿತ್ತು. ನಮ್ಮ ಕಡೆ ಕೇಕೆಯೋ ಕೇಕೆ. ಎರಡನೆಯವನು ಚೆಂಡು ತಡೆಯಲು ನೆಗೆದ. ಎಡಗೈ ಆಕಾಶಕ್ಕೆ ಹೋಯಿತು, ಬಲಗೈ ಎದೆಯ ಮುಂದೆಯೇ ನಿಂತಿತು. ಮೂರನೆಯವನು ಛಲ ಬಿಡದೆ ಕೈ ಎಳೆದ. ಕಂಕುಳಲ್ಲಿ ಚರ್ರೆಂದು ಹರಿಯಿತು. ಮೈದಾನವೆಲ್ಲ ಬಿದ್ದು ಬಿದ್ದು ನಕ್ಕಿತು. ಅಜ್ಜಿಯೂ ಕಣ್ಣೊರೆಸಿಕೊಂಡು ನಕ್ಕಳು.

"ಯಾವನೋ ಹೊಲಿದಿದ್ದು ಇದನ್ನ? ತಾ ಇಲ್ಲಿ" ಎಂದಳು ಅಜ್ಜಿ.

ಹರಿದ ಅಂಗಿ ಅವಳ ಕೈಗೆ ಬಂತು. ಅವಳು ಒಳಗು ಹೊರಗು ಮಾಡಿ, ಎರಡು ತೋಳನ್ನೂ ಒಂದರ ಮೇಲೊಂದು ಇಟ್ಟು ನೋಡಿದಳು. ಬೆರಳು ನಿಂತುಬಿಟ್ಟಿತು.

ತೋಳಿಗೂ ಎಡ ಬಲ ಉಂಟು. ಅಂಗಿಯ ಮುಂಭಾಗಕ್ಕೆ ಬರುವ ಕಡೆ ಬಾಗು ಹೆಚ್ಚು, ಹಿಂಭಾಗಕ್ಕೆ ಕಡಿಮೆ. ಒಂದು ಮಗ್ಗುಲು ಮಾತ್ರ ಮಿಂಚುವ ಬಟ್ಟೆಯಾದರೆ ಎಡತೋಳನ್ನು ಕತ್ತರಿಸಿ, ಆಮೇಲೆ ಬಟ್ಟೆ ಮಗುಚಿ ಬಲತೋಳು ಕತ್ತರಿಸಬೇಕು. ಅಜ್ಜಿ ಸಾವಿರ ಸಲ ಮಾಡಿದ ಕೆಲಸ. ಈ ಸಲ ಅವಳು ಬಟ್ಟೆ ಮಗುಚಿರಲಿಲ್ಲ. ಎಡದ ಕಟ್ಟು, ಬಲದ ಕಟ್ಟು ಎಂದು ಎರಡು ಕಟ್ಟು ಮಾಡಿ ಕೊಟ್ಟಿದ್ದಳು, ಎರಡರಲ್ಲಿದ್ದದ್ದೂ ಎಡತೋಳೇ. ಅಮ್ಮ ಕೊಟ್ಟದ್ದನ್ನು ತಿರುಗಿಸಿ ನೋಡುವ ಅಭ್ಯಾಸವಿಲ್ಲದ ಮಗ, ಆ ಕಟ್ಟಿನಿಂದ ಒಂದು ಈ ಕಟ್ಟಿನಿಂದ ಒಂದು ತೆಗೆದು ಗಡಿಬಿಡಿಯಲ್ಲಿ ಹೊಲಿದು ಮುಗಿಸಿದ್ದ.

"ಎರಡೂ ಎಡ" ಎಂದಳು ಅಜ್ಜಿ ಮೆಲ್ಲಗೆ. "ಇದನ್ನ ಕತ್ತರಿಸಿದ್ದು ನಾನಾ?"

ನಗು ಒಬ್ಬೊಬ್ಬರ ಬಾಯಲ್ಲೇ ಆರಿತು. ಮಗ ಓಡಿ ಬಂದು, "ಬಟ್ಟೆದೇ ತಪ್ಪಮ್ಮ, ಬಿಡು" ಎಂದ. ಆಗ ಸೊಸೆ ಅವನ ಕೈ ಹಿಡಿದು ನಿಲ್ಲಿಸಿದಳು. ಅವಳ ಕಣ್ಣಲ್ಲಿ ನೀರು.

"ಬಟ್ಟೆದಲ್ಲ ರೀ. ತುಂಬಾ ದಿನದಿಂದ ಹಿಂಗಾಗ್ತಿದೆ. ಅತ್ತೆ ಕಟ್ಟು ಕಟ್ಟಿಟ್ಟ ಮೇಲೆ ನಾನು ಬಿಚ್ಚಿ ನೋಡ್ತಿದ್ದೆ, ತಪ್ಪಿದ್ರೆ ಬೇರೆ ಕತ್ತರಿಸಿ ಸೇರಿಸ್ತಿದ್ದೆ. ಹೇಳಿದ್ರೆ ಅತ್ತೆ ಕತ್ತರಿ ಹೋಗತ್ತೆ ಅಂತ ಹೇಳ್ಲಿಲ್ಲ. ಈ ಸಲ ನಾನಿರಲಿಲ್ಲ."

"ನಿನಗೂ ಗೊತ್ತಿತ್ತಾ?" ಎಂದ ಇಸ್ತ್ರಿ ತಾತ. ಇಷ್ಟು ವರ್ಷದಲ್ಲಿ ಅವನ ದನಿ ಅಷ್ಟು ಎತ್ತರಕ್ಕೆ ಹೋದದ್ದನ್ನು ನಾನು ಕೇಳಿರಲಿಲ್ಲ. "ನಾನೊಬ್ಬನೇ ಅಂದ್ಕೊಂಡಿದ್ದೆ ಕಣಮ್ಮ. ಸ್ಟವ್ ಹಚ್ಚಿ ಹಂಗೇ ಬಿಟ್ಟು ಹೋಗ್ತಾಳೆ, ನಾನು ಆರಿಸ್ತೀನಿ. ಅವತ್ತೊಂದಿನ ನೂಲು ತರೋಕೆ ಅಂಗಡಿಗೆ ಹೋದವಳು ನಮ್ಮ ಬೀದಿ ತಿರುವು ದಾಟಿ ಮುಂದೆ ಹೋಗ್ತಾನೇ ಇದ್ಲು. ಹಿಂದೆ ಹಿಂದೆ ಹೋಗಿ, ಗಾಳಿಗೆ ಬಂದೆ ಅಂತ ಸುಳ್ಳು ಹೇಳಿ ಕರ್ಕೊಂಡು ಬಂದೆ."

ಸೊಸೆಗೆ ತಾತನದು ಗೊತ್ತಿರಲಿಲ್ಲ, ತಾತನಿಗೆ ಸೊಸೆಯದು ಗೊತ್ತಿರಲಿಲ್ಲ. ಮಗನಿಗೆ ಎರಡೂ ಗೊತ್ತಿರಲಿಲ್ಲ. ಒಂದೇ ಸೂರಿನಡಿ ಇದ್ದುಕೊಂಡು ಒಬ್ಬರಿಗೊಬ್ಬರು ಕಾಣದಂತೆ ಮುಚ್ಚಿಟ್ಟಿದ್ದರು, ಅದೂ ಪ್ರೀತಿಯಿಂದಲೇ. ಅವರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ.

ನರ್ಸಕ್ಕ ಗುಂಪು ಸರಿಸಿ ಬಂದು ಅಜ್ಜಿಯ ಪಕ್ಕ ಕೂತಳು. "ಒಬ್ಬೊಬ್ಬರ ಹತ್ರ ಒಂದೊಂದು ತುಂಡು ಬಟ್ಟೆ ಇತ್ತು. ಸೇರಿಸಿ ಹೊಲಿದಿದ್ರೆ ತಾನೇ ಅಂಗಿ ಅಂತ ಗೊತ್ತಾಗೋದು?" ಎಂದಳು.

ಮಗ ಅಮ್ಮನ ಕೈಯಿಂದ ಹರಿದ ಅಂಗಿ ತೆಗೆದುಕೊಂಡ. "ಇನ್ಮೇಲೆ ಅಮ್ಮ ಕತ್ತರಿ ಮುಟ್ಟೋದು ಬೇಡ. ಮನೇಲಿ ಆರಾಮಾಗಿ ಕೂತಿರಲಿ" ಎಂದ.

ಅಜ್ಜಿ ಎದ್ದು ನಿಂತಳು. "ನೋಡಿದ್ಯಾ? ನಾನು ಹೇಳಿರ್ಲಿಲ್ವಾ? ಮೊದಲು ಕಿತ್ಕೊಳ್ಳೋದು ಅದನ್ನೇ!" ಎಂದಳು. ಆಮೇಲೆ ನರ್ಸಕ್ಕನ ಕಡೆ ತಿರುಗಿದಳು. "ನೀನು ಕೇಳು ನಿನ್ನ ಪ್ರಶ್ನೆನ. ನನಗೇ ಕೇಳು. ನನ್ನ ರವಿಕೆ ತೋಳು ಹರಿದಿದ್ರೆ ಮೊದಲು ನನಗೆ ಗೊತ್ತಾಗ್ಬೇಕು, ಊರಿಗಲ್ಲ. ಆದ್ರೆ ಇವರು ಯಾರೂ ಬಾಯಿ ಬಿಡಕೂಡ್ದು!"

ಮೇಲಿನ ಬೀದಿಯವರು ದೊಡ್ಡ ಮನಸ್ಸು ಮಾಡಿ ಪಂದ್ಯ ಮುಂದಕ್ಕೆ ಹಾಕಿದರು. ಈ ಸಾಲನ್ನು ದಯವಿಟ್ಟು ಜೋರಾಗಿ ಓದಿ.

ಮೈದಾನದ ಪಕ್ಕದ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ನರ್ಸಕ್ಕ ಅಜ್ಜಿಯೊಬ್ಬಳನ್ನೇ ಕೂರಿಸಿ ಕೇಳಿದಳು. ಹೊರಗೆ ಮನೆಯವರು ಬಾಯಿಗೆ ಬೀಗ ಹಾಕಿಕೊಂಡು ಕೂತರು. ಮಗನಿಗೆ ಅದಕ್ಕಿಂತ ಕಷ್ಟದ ಪಂದ್ಯ ಇನ್ನೊಂದಿರಲಿಲ್ಲ. ಆಮೇಲೆ ದೊಡ್ಡಾಸ್ಪತ್ರೆಗೆ ಹೋದರು. ರಕ್ತ ನೋಡಿದರು, ಕಿವಿ ನೋಡಿದರು, ನುಂಗುವ ಮಾತ್ರೆಗಳನ್ನೆಲ್ಲ ತಿರುಗಿಸಿ ನೋಡಿದರು.

ಡಾಕ್ಟರು ಮನೆಯವರನ್ನೆಲ್ಲ ಕೂರಿಸಿದರು. ಆದರೆ ಅಜ್ಜಿಯ ಮುಖ ನೋಡಿಕೊಂಡೇ ಮಾತಾಡಿದರು. "ಥೈರಾಯ್ಡ್ ಕಡಿಮೆ ಇದೆಯಮ್ಮ, ಅದು ಮಂಕು ತರತ್ತೆ. ಮಾತ್ರೆ ತಗೊಂಡ್ರೆ ಆ ಪಾಲು ಸರಿಹೋಗತ್ತೆ. ಕಿವಿ ಮಂದವಾಗಿದೆ, ಅದಕ್ಕೆ ಯಂತ್ರ ಕೊಡ್ತೀವಿ. ಆದ್ರೆ ಅಷ್ಟೇ ಅಲ್ಲ. ಡಿಮೆನ್ಷಿಯಾ ಕೂಡ ಶುರುವಾಗಿದೆ, ಈಗಿನ್ನೂ ಮೊದಲ ಹಂತ. ಪೂರ್ತಿ ವಾಸಿ ಮಾಡೋ ಮದ್ದು ಇಲ್ಲ. ಸುಳ್ಳು ಹೇಳಲ್ಲ ನಾನು."

"ಕತ್ತರಿ?" ಎಂದಳು ಅಜ್ಜಿ.

"ಕತ್ತರಿ ಯಾಕೆ ಬಿಡ್ಬೇಕು? ಕೈ ಚೆನ್ನಾಗಿದೆ, ಕೆಲಸ ಇಷ್ಟ ಇದೆ. ಎಡವೋ ಜಾಗದಲ್ಲಿ ಮಾತ್ರ ಒಂದು ಆಸರೆ ಇಟ್ಕೊಳ್ಳಿ. ಕೆಲಸ, ನಡಿಗೆ, ನಾಲ್ಕು ಜನರ ಜೊತೆ ಮಾತು, ಇವೆಲ್ಲ ಇರ್ಲಿ. ಆಗಾಗ ಬಂದು ತೋರಿಸಿ. ಕತ್ತರಿ ಇಡೋ ಕಾಲ ಬಂದ್ರೆ ನಿಮ್ಮನ್ನ ಕೇಳಿಯೇ ಇಡೋಣ."

ಅಜ್ಜಿ ಅಲ್ಲೇ ಅತ್ತಳು. ದುಃಖಕ್ಕೋ ನೆಮ್ಮದಿಗೋ ಎಂದು ಸೊಸೆ ಕೇಳಿದ್ದಕ್ಕೆ, "ಎರಡಕ್ಕೂ ಕಣೇ, ಒಂದೇ ಸಲ ಅತ್ತು ಮುಗಿಸ್ತೀನಿ" ಎಂದಳಂತೆ.

ಈಗ ಆ ಅಂಗಡಿಗೆ ಹೋಗಿ ನೋಡಬೇಕು! ತೋಳಿಗೆ ಎರಡು ದಪ್ಪ ರಟ್ಟಿನ ಅಚ್ಚು ಮಾಡಿದ್ದಾರೆ, ಎಡಕ್ಕೆ ಕೆಂಪು, ಬಲಕ್ಕೆ ಹಸಿರು. ಬಟ್ಟೆ ಮಗುಚುವ ಗೋಜೇ ಇಲ್ಲ. ಅಚ್ಚು ಇಡುವವನು ಮಗ, ಕತ್ತರಿಸುವವಳು ಅಜ್ಜಿ, ಸರಿ ನೋಡುವವಳು ಸೊಸೆ. "ಮೊದಲು ಕದ್ದು ನೋಡ್ತಿದ್ಲು, ಈಗ ಎದುರಿಗೇ ನೋಡ್ತಾಳೆ. ಎದುರಿಗೆ ನೋಡೋದೇ ವಾಸಿ" ಎನ್ನುತ್ತಾಳೆ ಅಜ್ಜಿ. ಸ್ಟವ್ ಹಚ್ಚುವಾಗ ತಾತ ಜೊತೆಗಿರುತ್ತಾನೆ. ನೂಲು ತರಲು ಇಬ್ಬರೂ ಕೈ ಹಿಡಿದುಕೊಂಡೇ ಹೋಗುತ್ತಾರೆ. ಗಾಳಿಗೆ ಬಂದೆ ಎಂದು ತಾತ ಸುಳ್ಳು ಹೇಳಬೇಕಾಗಿಲ್ಲ. ಮಂಕು ಎಷ್ಟೋ ಕಡಿಮೆಯಾಗಿದೆ. ಕೆಲವು ದಿನ ಚೆನ್ನಾಗಿರುತ್ತವೆ, ಕೆಲವು ದಿನ ಇರುವುದಿಲ್ಲ.

ಕೆಳಗಿನ ಬೀದಿಯಲ್ಲಿ ನರ್ಸಕ್ಕ ಮತ್ತೆ ಪರೀಕ್ಷೆ ಮಾಡಿದಳು. ಈ ಸಲ ಒಂದೇ ಕಟ್ಟಳೆ, ಉತ್ತರ ಹೇಳುವವರು ಹಿರಿಯರು, ಉಳಿದವರು ಬಾಗಿಲಾಚೆ. ಅಜ್ಜಿಯೇ ಮನೆ ಮನೆಗೆ ಮುಂದಾಗಿ ಹೋಗಿ, "ಹೊರಗೆ ಬಾರೋ ನೀನು, ನಿಮ್ಮಮ್ಮಂಗೆ ನಾಲಿಗೆ ಇದೆ" ಎಂದು ಗಂಡು ಮಕ್ಕಳನ್ನು ಎಳೆದು ತಂದಳು. ನರ್ಸಕ್ಕ ಸಂಖ್ಯೆ ಹೇಳಿದಳು. ಏಳು. ಅದರಲ್ಲಿ ಹೆಚ್ಚಿನವರು ಹೆಂಗಸರು, ಹೆಚ್ಚಿನವರು ಎಪ್ಪತ್ತೈದು ದಾಟಿದವರು. ಅವಳ ಲೆಕ್ಕ ಹೇಳಿದಂತೆಯೇ.

ಕ್ಷೌರದಂಗಡಿಯವನು ಮತ್ತೆ ಕುರ್ಚಿ ಹತ್ತಿದ. "ಏಳು! ಮೇಲಿನ ಬೀದಿಗಿಂತ ಒಂದು ಹೆಚ್ಚು!"

"ಇಳಿಯಣ್ಣಾ ಕೆಳಗೆ, ಇದು ಪಂದ್ಯ ಅಲ್ಲ" ಎಂದು ನರ್ಸಕ್ಕ ನಕ್ಕಳು. ಅವನು ಇಳಿದ. ಇಳಿದು ಅವಳ ಹತ್ತಿರ ಬಂದು ಸಣ್ಣ ದನಿಯಲ್ಲಿ, "ನಮ್ಮಕ್ಕನ್ನ ಆಸ್ಪತ್ರೆಗೆ ಯಾವತ್ತು ಕರ್ಕೊಂಡು ಬರ್ಲಿ?" ಎಂದು ಕೇಳಿದ. ನಾನು ಕೇಳಿಸಿಕೊಳ್ಳದವಳಂತೆ ಬ್ರೆಡ್ ಎಣಿಸಿದೆ.

ಮರುಪಂದ್ಯಕ್ಕೆ ಅಂಗಿಗಳಿಗೆ ಬಲತೋಳು ಬೇಕಲ್ಲ. ಅದೇ ನೀಲಿ ಬಟ್ಟೆ ಮತ್ತೆ ಸಿಗಲಿಲ್ಲ. ಅಜ್ಜಿ, "ಆ ಬ್ಯಾನರ್ ಇಳಿಸಿ ತನ್ನಿ. ಹೆಂಗೂ ಸುಳ್ಳೇ ಅದು" ಎಂದಳು. ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಮಗ ಹಸಿರು ಅಚ್ಚು ಇಟ್ಟ. ಅಜ್ಜಿ ಒಂದು ಗಳಿಗೆ ಅಚ್ಚನ್ನೇ ನೋಡಿದಳು. "ಇದು ಬಲ ತಾನೇ?" ಎಂದು ಕೇಳಿದಳು. ಮಗ, "ಹೂಂ ಅಮ್ಮ, ಬಲ" ಎಂದ. ಕೇಳಲು ಅವಳಿಗೆ ನಾಚಿಕೆಯಾಗಲಿಲ್ಲ, ಹೇಳಲು ಅವನಿಗೆ ಬೇಸರವಾಗಲಿಲ್ಲ. ಕತ್ತರಿ ಸರ್ರನೆ ಹೋಯಿತು.

ಪಂದ್ಯದ ದಿನ ಕೆಳಗಿನ ಬೀದಿಯವರು ಒಂದು ನೀಲಿ ತೋಳು, ಒಂದು ಬಿಳಿ ತೋಳಿನಲ್ಲಿ ಬಂದರು. ಬಿಳಿ ತೋಳುಗಳ ಮೇಲೆ ಬ್ಯಾನರಿನ ಚೂರುಪಾರು ಅಕ್ಷರಗಳು. ನಾಯಕ ಚೆಂಡು ಚಿಮ್ಮಿ ಬಲಗೈ ಎತ್ತಿದ. ಕೈ ನೆಟ್ಟಗೆ ಆಕಾಶಕ್ಕೆ ಹೋಯಿತು! ಬೆಂಚಿನ ಮೇಲಿದ್ದ ಅಜ್ಜಿ ಎದ್ದು ನಿಂತು, "ಅದು ನಾನು ಕತ್ತರಿಸಿದ್ದು! ನಾನು!" ಎಂದು ಕೂಗಿದಳು. ನಮ್ಮ ಮಾವ ಯಾವ ಬೀದಿಯವರೆಂಬುದನ್ನೂ ಬಿಟ್ಟು ಚಪ್ಪಾಳೆ ತಟ್ಟಿದರು. ಮರೆತರೋ ಬೇಕೆಂದೇ ತಟ್ಟಿದರೋ ನಾನು ಕೇಳಲಿಲ್ಲ. ಗೆದ್ದವರು ಯಾರೆಂದು ನೀವೂ ನನ್ನನ್ನು ಕೇಳಬೇಡಿ, ನಾನು ಮೇಲಿನ ಬೀದಿಯವಳು.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕ ಅಣ್ಣಂದಿರೇ, ನಿಮ್ಮ ಬೀದಿಯ ಸಂಖ್ಯೆ ಎಷ್ಟು? ಸೊನ್ನೆ ಎಂದರೆ ನಂಬಬೇಡಿ. ಕತ್ತರಿ ಎಲ್ಲಿಟ್ಟೆ ಎಂದು ಮರೆಯುವುದು ಎಲ್ಲರಿಗೂ ಇದ್ದದ್ದೇ. ಜೀವಮಾನವೆಲ್ಲ ಮಾಡಿದ ಕೆಲಸದಲ್ಲಿ ಕೈ ತಪ್ಪತೊಡಗಿದರೆ, ಗೊತ್ತಿದ್ದ ದಾರಿ ತಪ್ಪಿದರೆ, ಅದೇ ಮಾತು ಮತ್ತೆ ಮತ್ತೆ ಬಂದರೆ ತಡಮಾಡದೆ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ. ಮನೆಯವರೆಲ್ಲ ಕೂತು, ತಾವು ಮುಚ್ಚಿಟ್ಟದ್ದನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳಿ. ನಿಮಗಿನ್ನೂ ವಯಸ್ಸಾಗಿಲ್ಲವೇ? ಬಿಪಿ, ಸಕ್ಕರೆ, ಕಿವಿ ಈಗಲೇ ನೋಡಿಸಿಕೊಳ್ಳಿ, ಹೊಗೆ ಬಿಡಿ, ಹೆಣ್ಣುಮಕ್ಕಳನ್ನು ಶಾಲೆ ಬಿಡಿಸಬೇಡಿ.

ನರ್ಸಕ್ಕ ನಿಮ್ಮ ಮನೆಗೂ ಬರುತ್ತಾಳೆ. ಅಮ್ಮನನ್ನೋ ಅಜ್ಜಿಯನ್ನೋ ಅತ್ತೆಯನ್ನೋ ಕೂರಿಸಿ, ಇವತ್ತು ಯಾವ ವಾರ ಎಂದು ಕೇಳುತ್ತಾಳೆ. ಉತ್ತರ ನಿಮ್ಮ ನಾಲಿಗೆಯ ತುದಿಗೆ ಬಂದಿರುತ್ತದೆ. ನುಂಗಿಕೊಳ್ಳಿ. ಅವರೇ ಹೇಳಲಿ.